ಗೋದತ್ತೆಯ ಮಡಿಗೆ ವಿಲಾಯಿತಿ ನೂಲು

ರಾಯಚೂರು

ವಿಲಾಯಿತಿಗೆ ಹೋಗಿ ಬಂದವರು ರಾಜನ ಅರಮನೆ, ಥೇಮ್ಸ್ ನದಿ, ದೊಡ್ಡ ಗಡಿಯಾರ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ನಾನು ಅರಮನೆ ನೋಡಲಿಲ್ಲ. ನಾನಿದ್ದ ಊರಿನ ಕಡೆಗೆ ಥೇಮ್ಸ್ ಸುಳಿಯುವುದೇ ಇಲ್ಲ. ಗಡಿಯಾರದ ಚಿತ್ರವನ್ನು ಬಿಸ್ಕತ್ತಿನ ಡಬ್ಬಿಯ ಮೇಲೆ ನೋಡಿದ್ದೆ, ಅಷ್ಟೇ ಸಾಕೆನಿಸಿತು. ನಾನು ಅಷ್ಟು ದೂರ ಹೋಗಿ ಹುಡುಕಿದ್ದು ನಮ್ಮ ಅತ್ತೆ ಅಡುಗೆ ಮಾಡುವಾಗ ಉಡಲು ಒಂದು ಬಟ್ಟೆಯನ್ನು.

ಕರೆದುಕೊಂಡು ಹೋದವರು ಮಾನ್ವಿಯ ಬಸಲಿಂಗಪ್ಪ ಸಾಹುಕಾರರು. ಅವರಿಗೆ ಬಾಗಲವಾಡದಲ್ಲಿ ಹತ್ತಿಯ ಹೊಲ, ಮಾನ್ವಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು. ಎರಡನೆಯ ಮಹಾಯುದ್ಧ ಮುಗಿದದ್ದೇ ತಡ, ಹೊಸ ಯಂತ್ರ ನೋಡಲು ಬನ್ನಿ ಎಂದು ಲ್ಯಾಂಕಶೈರಿನ ಒಂದು ಕಂಪನಿಯಿಂದ ಅವರಿಗೆ ಕರೆ ಬಂತು. ಸಾಹುಕಾರರಿಗೆ ಕನ್ನಡ, ತೆಲುಗು, ಉರ್ದು ಮೂರೂ ನೀರು ಕುಡಿದಂತೆ. ಇಂಗ್ಲಿಷು ಮಾತ್ರ ಸೊನ್ನೆ. ರಾಯಚೂರಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದ ನನ್ನನ್ನು ದುಭಾಷಿ ಮಾಡಿಕೊಂಡರು.

ನನ್ನ ತಂದೆತಾಯಿ ಹೋದ ಮೇಲೆ ನನ್ನನ್ನು ಸಾಕಿದವರು ಅಪ್ಪನ ಅಕ್ಕ ಗೋದತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮನೆಯಲ್ಲಿ ನಾವಿಬ್ಬರೇ. ಮಡಿಯಲ್ಲಿ ಅಡುಗೆ ಮಾಡಿ, ದೇವರಿಗೆ ನೈವೇದ್ಯವಾದ ಮೇಲೆ ನನಗೆ ಬಡಿಸುವುದು ಅವರ ದಿನಚರಿ. ಮಡಿಯ ಕಾನೂನು ಹೀಗೆ: ಹತ್ತಿಯ ಬಟ್ಟೆಯಾದರೆ ದಿನಾ ಬೆಳಗ್ಗೆ ಒಗೆದು, ಯಾರೂ ತಾಗದ ಕಡೆ ಒಣಹಾಕಿ ಉಡಬೇಕು. ಉಣ್ಣೆಗೆ ಈ ರಗಳೆಯಿಲ್ಲ. ಕುರಿಯ ಮೈಯಿಂದ ಇಳಿದ ದಿನದಿಂದಲೇ ಅದು ಶುದ್ಧ. ಆದ್ದರಿಂದ ಅತ್ತೆ ವರ್ಷವಿಡೀ ಧಾಬಳಿ ಉಟ್ಟೇ ಒಲೆಯ ಮುಂದೆ ಕೂರುತ್ತಿದ್ದರು. ಧಾಬಳಿಯೆಂದರೆ ಕಂಬಳಿಯ ಖಾಸಾ ತಮ್ಮ. ರಾಯಚೂರಿನ ಬೇಸಿಗೆ ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅತ್ತೆಯ ಕೊರಳು, ಕಂಕುಳು, ಬೆನ್ನೆಲ್ಲ ಕೆಂಪು ಗಂದೆ. ಬಡಿಸುವಾಗ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಕೊರಳಲ್ಲಿ. ಅದನ್ನು ನೋಡುತ್ತ ಉಣ್ಣುವುದು ನನಗೆ ಸಂಕಟ.

ಹೊರಡುವ ಮುಂಚೆ ಕೇಳಿದೆ: "ಅತ್ತಿ, ವಿಲಾಯ್ತಿಯೊಳಗ ತರಾವರಿ ನೂಲು ಮಾಡ್ತಾರಂತ. ನಿನಗ ಯಾವ ಬಟ್ಟಿ ತರ್ಲಿ?"

ಅತ್ತೆ ಯೋಚಿಸಿ ಹೇಳಿದರು: "ರೇಷ್ಮಿ ಬ್ಯಾಡ. ಹುಳಾ ಕುದಿಸಿ ತಗದ ನೂಲು ಉಟ್ಟು ದೇವರ ಅಡಗಿ ಮಾಡೂದು ನನ್ನ ಕಡಿಂದ ಆಗೂದಿಲ್ಲ. ಉಣ್ಣಿ ಬ್ಯಾಡ, ಇದು ಒಂದ ನನ್ನ ಹರಕೊಂಡು ತಿನ್ನಾಕತ್ತದ. ಚುಚ್ಚಬಾರದು, ದಿನಾ ಒಗಿಯೂ ಹಂಗ ಇರಬಾರದು. ಅಂಥಾದ್ದು ಸಿಕ್ಕರ ತಾ. ಇಲ್ಲಾಂದ್ರ ನೀ ಒಬ್ಬವ ತಿರುಗಿ ಬಂದ್ರ ಸಾಕು."

ಸಮುದ್ರ ದಾಟುವವನಿಗೆ ಅವರು ಹಾಕಿದ್ದು ಒಂದೇ ಷರತ್ತು, ಊಟಕ್ಕೆ ಕೂತಾಗ ಮೈಮೇಲೆ ಧಾಬಳಿ ಇರಬೇಕು. ತಮ್ಮ ಹಳೆಯದರಲ್ಲಿ ಒಂದು ತುಂಡು ಹರಿದು ಕೊಟ್ಟರು.

ಹಡಗು

ಸಾಹುಕಾರರು ಲಿಂಗವಂತರು, ನಾನು ವೈಷ್ಣವ. ಇಬ್ಬರೂ ಮಾಂಸ ಮುಟ್ಟುವವರಲ್ಲ, ಆದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮುಟ್ಟುವವರಲ್ಲ. ಅವರು ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಸಿಕೊಂಡು ಬಂದಿದ್ದರು. ನಾನು ಅವಲಕ್ಕಿಯ ಚೀಲ ತಂದಿದ್ದೆ. ಒಂದೇ ಕೋಣೆಯಲ್ಲಿ ಅವರು ಗೋಡೆಗೆ ಮುಖ ಮಾಡಿ, ನಾನು ಬಾಗಿಲಿಗೆ ಮುಖ ಮಾಡಿ ಉಣ್ಣುತ್ತಿದ್ದೆವು. ನಾನು ಧಾಬಳಿ ಹೊದ್ದು ಕೂತದ್ದನ್ನು ನೋಡಿ ಹಡಗಿನ ಪರಿಚಾರಕ ನನಗೆ ಜ್ವರವೆಂದು ತಿಳಿದ. ಮರುದಿನ ಡಾಕ್ಟರನ್ನೇ ಕರೆತಂದ. ಜ್ವರವಲ್ಲ, ಧರ್ಮ ಎಂದು ವಿವರಿಸಿದೆ. ಡಾಕ್ಟರು ನನ್ನ ನಾಲಗೆ ನೋಡಿಯೇ ಹೋದ.

ಬಿಸ್ಕೇ ಕೊಲ್ಲಿಯಲ್ಲಿ ಹಡಗು ವಾಲಿದ ರಭಸಕ್ಕೆ ಸಾಹುಕಾರರ ಹಿಂಡಿಯ ಡಬ್ಬಿ ಜಾರಿ ಬಂದು ನನ್ನ ಅವಲಕ್ಕಿಯ ಮೇಲೆ ಬೋರಲಾಯಿತು.

"ನಾ ಬಡಿಸಿಲ್ರೀ ಮಾಸ್ತರ್ರ," ಎಂದರು ಸಾಹುಕಾರರು. "ಸಮುದ್ರ ಬಡಿಸ್ತು. ಉಣ್ರಿ."

ಉಂಡೆ. ಅವಲಕ್ಕಿಗೆ ಅಷ್ಟು ರುಚಿ ಅದುವರೆಗೆ ಬಂದಿರಲಿಲ್ಲ. ಮರುದಿನದಿಂದ ಸಮುದ್ರ ಸುಮ್ಮನಿದ್ದರೂ ಡಬ್ಬಿ ತಾನಾಗಿ ಜಾರುತ್ತಿತ್ತು.

ಓಲ್ಡಮ್

ಮ್ಯಾಂಚೆಸ್ಟರಿನ ಪಕ್ಕದ ಓಲ್ಡಮ್ ಎಂಬ ಊರಲ್ಲಿ ಮಿಸೆಸ್ ಡಕ್ವರ್ತ್ ಎಂಬ ಹೆಂಗಸಿನ ಮನೆಯಲ್ಲಿ ನಮಗೆ ಬಿಡಾರ. ಊರೆಂದರೆ ಹೊಗೆಕೊಳವೆಗಳ ತೋಪು. ನಾವು ಹೋದಾಗ ಹಿಮ ಮೊಳಕಾಲುದ್ದ ಬಿದ್ದಿತ್ತು. ಸಾಹುಕಾರರು ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟವರೇ ನಿಂತುಬಿಟ್ಟರು. "ಯಪ್ಪಾ! ಅರಳಿ ಹಿಂಗ ಬೀದ್ಯಾಗ ಚೆಲ್ಲ್ಯಾರಲ್ರೀ!" ಎಂದು ಬಾಗಿ ಒಂದು ಹಿಡಿ ಎತ್ತಿ, ಹತ್ತಿಯೆಂದೇ ಎಳೆಯ ಉದ್ದ ನೋಡಲು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದರು. ಅದು ಕರಗಿ ತೋಳಿನೊಳಗೆ ಇಳಿಯಿತು. ಜಿನ್ನಿನ ಮಾಲೀಕರು ಬಿಳಿಯದೇನು ಕಂಡರೂ ಹಾಗೆಯೇ ಎಳೆದು ನೋಡುವವರು.

ಮಿಸೆಸ್ ಡಕ್ವರ್ತ್ ಬಹಳ ವರ್ಷ ಗಿರಣಿಯಲ್ಲಿ ನೇಯ್ದವರು. ಮಗ್ಗಗಳ ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲವಾದ್ದರಿಂದ ಅಲ್ಲಿಯ ಹೆಂಗಸರು ದನಿಯಿಲ್ಲದೆ ತುಟಿ ಅಗಲಿಸಿ ಮಾತಾಡುತ್ತಾರೆ. ಕೆಲಸ ಬಿಟ್ಟ ಮೇಲೂ ಆ ರೂಢಿ ಹೋಗಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಎದುರುಮನೆಯವಳೊಂದಿಗೆ, ನಡುವೆ ಬೀದಿ, ಬೀದಿಯಲ್ಲಿ ಟ್ರಾಮು, ಗಂಟೆಗಟ್ಟಲೆ ತುಟಿಯಲ್ಲೇ ಹರಟೆ. ನಮ್ಮ ಕಡೆ ಇಷ್ಟು ಹರಟೆಗೆ ಓಣಿಯೆಲ್ಲ ಎದ್ದು ಕೂರುತ್ತಿತ್ತು. ಅಲ್ಲಿ ಬೆಕ್ಕು ಕೂಡ ಕಣ್ಣು ತೆರೆಯುತ್ತಿರಲಿಲ್ಲ.

ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕೋಸು, ಮರುದಿನ ಬೇಯಿಸಿದ ಕೋಸು, ಆಲೂಗಡ್ಡೆ. ಆಗ ಎಲ್ಲದಕ್ಕೂ ರೇಷನ್ನು. ಮಾಂಸದ ಪಾಲು ಬಿಟ್ಟುಕೊಟ್ಟವರಿಗೆ ಬದಲಿಗೆ ಚೀಸು. ಸಾಹುಕಾರರು ಅದನ್ನು ಮೂಸಿ, "ಮಸರು ಕಟ್ಟಿ ಇಟ್ಟು ಮರತಾರ್ರೀ ಪಾಪ," ಎಂದು ತಟ್ಟೆಯ ಅಂಚಿಗೆ ಸರಿಸಿದರು.

ಪರಧರ್ಮದವರ ಕೈಯ ಅಡುಗೆ ನಾನು ಉಂಡದ್ದು ಹೇಗೆ ಎಂದು ನಮ್ಮ ಓಣಿಯವರು ಕೇಳಬಹುದು. ಶಾಸ್ತ್ರ ನೋಡಿಯೇ ಉಂಡೆ. ಅಲ್ಲಿ ಪೊಲೀಸು, ಟ್ರಾಮಿನ ಕಂಡಕ್ಟರು, ಪಾದ್ರಿ, ಎಲ್ಲರ ಮೈಮೇಲೂ ಉಣ್ಣೆ. ಅತ್ತೆಯ ಕಾನೂನಿನಂತೆ ಇಡೀ ಓಲ್ಡಮ್ಮೇ ಬೆಳಗಿನಿಂದ ಸಂಜೆವರೆಗೆ ಮಡಿಯಲ್ಲಿತ್ತು. ಆದರೆ ಕತ್ತರಿಸಿ ಹೊಲಿದ ಬಟ್ಟೆ ಮಡಿಗೆ ಬರುವುದಿಲ್ಲ. ಹಾಗಾಗಿ ಪೊಲೀಸನೂ ಪಾದ್ರಿಯೂ ಬಿದ್ದುಹೋದರು. ಮಿಸೆಸ್ ಡಕ್ವರ್ತ್ ಹಾಕಿಕೊಳ್ಳುತ್ತಿದ್ದ ಅಂಗಿಯಾದರೋ ಅವರೇ ಎರಡು ಕಡ್ಡಿಯಲ್ಲಿ ಹೆಣೆದದ್ದು, ಕತ್ತರಿ ಕಂಡದ್ದೇ ಅಲ್ಲ. ಅಂದರೆ ಆ ಊರಲ್ಲಿ ಶುದ್ಧ ಮಡಿಯಲ್ಲಿ ಅಡುಗೆ ಮಾಡುತ್ತಿದ್ದವರು ನಮ್ಮ ಮನೆಯೊಡತಿಯೇ. ಪಕ್ಕದ ಮನೆಯ ನಾಯಿಗೂ ಹೆಣೆದ ಉಣ್ಣೆಯ ಅಂಗಿ ಇತ್ತು. ಶಾಸ್ತ್ರವನ್ನು ಅಲ್ಲಿಯವರೆಗೆ ಎಳೆಯುವುದು ಬೇಡವೆಂದು ಬಿಟ್ಟೆ.

ಕಟ್ಟಿಗೆಯ ರೇಷ್ಮೆ

ಕಂಪನಿಯವರು ಸಾಹುಕಾರರಿಗೆ ಯಂತ್ರಗಳನ್ನು ತೋರಿಸಿದರು. ನಾನು ಸಿಕ್ಕಸಿಕ್ಕವರಲ್ಲಿ ನೂಲಿನ ವಿಚಾರ ಕೇಳುತ್ತಿದ್ದೆ. ಯಾವುದು ಗಿಡದ್ದು, ಯಾವುದು ಪ್ರಾಣಿಯದು, ಯಾವುದು ಚುಚ್ಚುವುದಿಲ್ಲ? ನನ್ನನ್ನು ಅವರು ದೊಡ್ಡ ವ್ಯಾಪಾರಿಯೆಂದು ತಿಳಿದು ಚಹಾ ಕೊಟ್ಟರು. ಅಗಸೆಯ ನಾರಿನ ಬಟ್ಟೆ ತೋರಿಸಿದರು, ತಣ್ಣಗಿತ್ತು. ಆದರೆ ಅದೂ ಹತ್ತಿಯ ಹಾಗೆಯೇ, ದಿನಾ ಒಗೆಯಬೇಕಾದ ಜಾತಿ. ಆಮೇಲೆ ಒಬ್ಬ ಥಳಥಳಿಸುವ ಒಂದು ಕರವಸ್ತ್ರ ತಂದ. ರೇಯಾನು. ಮರವನ್ನು ಅರೆದು, ಔಷಧದಲ್ಲಿ ಕರಗಿಸಿ, ಶ್ಯಾವಿಗೆಯ ಹಾಗೆ ಒತ್ತಿ ತೆಗೆದ ನೂಲಂತೆ.

"ಕಟ್ಟಿಗಿ ಉಟ್ಟುಕೊಂಡ್ರ ಒಲಿಗೆ ಏನ್ ಹಾಕೂದ್ರೀ?" ಎಂದರು ಸಾಹುಕಾರರು. ನಗುತ್ತಲೇ ಅಂದರು, ಆದರೆ ಆ ಕರವಸ್ತ್ರವನ್ನು ಬಹಳ ಹೊತ್ತು ಕೆಳಗಿಡಲಿಲ್ಲ. ಮರದಿಂದಲೇ ನೂಲು ಬಂದರೆ ಬಾಗಲವಾಡದ ಹತ್ತಿಯನ್ನು ಕೇಳುವವರು ಯಾರು ಎಂಬ ಚಿಂತೆ ಅವರ ಮುಖದಲ್ಲಿತ್ತು.

ನನಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಹುಳ ಸತ್ತಿಲ್ಲ, ಕುರಿ ಇಲ್ಲ, ನುಣುಪು. ಋಷಿಗಳು ಉಡುತ್ತಿದ್ದ ನಾರುಮಡಿಯಾದರೂ ಇನ್ನೇನು? ಮನೆಗೆ ತಂದು ಒದ್ದೆ ಮಾಡಿ, ಅತ್ತೆ ಹಿಂಡುವಂತೆ ಹಿಂಡಿದೆ. ಕರವಸ್ತ್ರ ಎರಡಾಯಿತು. ನೀರಲ್ಲಿ ಅದರ ಕಸುವು ಹೋಗುತ್ತದಂತೆ. ಅಂಥದ್ದನ್ನು ಅತ್ತೆಗೆ ಉಡಿಸುವ ಧೈರ್ಯ ನನಗಿರಲಿಲ್ಲ.

ಅದೇ ವಾರ ಇನ್ನೊಂದು ಅನಾಹುತ. ನನ್ನ ಧಾಬಳಿಗೆ ಕೋಸಿನ ವಾಸನೆ ಹತ್ತಿತ್ತು. ಮಿಸೆಸ್ ಡಕ್ವರ್ತ್ ಒಳ್ಳೆಯ ಮನಸ್ಸಿನಿಂದ ಅದನ್ನು ತೆಗೆದುಕೊಂಡು ಸಾಬೂನು ಹಾಕಿ ಕುದಿಸಿಬಿಟ್ಟರು. ಬಿಸಿಲ ದೇಶದ ಬಟ್ಟೆ ಉಣ್ಣೆಯಿರಲಾರದೆಂದುಕೊಂಡು, ಗಿರಣಿಯ ಹತ್ತಿಯಲ್ಲೇ ಬಾಳು ಸವೆಸಿದ ಕೈ ಹತ್ತಿಯನ್ನು ಕುದಿಸುವಂತೆ ಕುದಿಸಿತು. ಪಾತ್ರೆಯಿಂದ ಹೊರಬಂದದ್ದು ರೊಟ್ಟಿಯಷ್ಟಗಲದ ಒಂದು ದಪ್ಪ ತುಂಡು. ಸಾಹುಕಾರರು ಅದನ್ನು ತಟ್ಟಿ ನೋಡಿ, "ಮಾಸ್ತರ್ರ, ಇದರ ಮ್ಯಾಲೆ ನಿಂತು ಉಣ್ರಿ," ಎಂದರು.

ಆ ಹೆಂಗಸು ಅಳುವುದೊಂದೇ ಬಾಕಿ. ಏನು ಬಟ್ಟೆ ಅದು, ಯಾತಕ್ಕೆ ಎಂದು ಕೇಳಿದರು. ಅತ್ತೆಯ ಒಲೆ, ರಾಯಚೂರಿನ ಸೆಕೆ, ಕೊರಳಿನ ಗಂದೆ ಎಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಮಹಡಿಗೆ ಹೋಗಿ ಬಿಳಿ ಬಟ್ಟೆಯ ಒಂದು ಸುರುಳಿ ತಂದರು. ಪ್ಯಾರಾಚೂಟು ಮಾಡಲೆಂದು ನೇಯ್ದದ್ದು. ಕತ್ತರಿ ಬೀಳುವ ಮುಂಚೆ ಯುದ್ಧ ನಿಂತಿತ್ತು. ಬಟ್ಟೆಗೂ ರೇಷನ್ನಿದ್ದ ಕಾಲ, ಇದೊಂದಕ್ಕೆ ಇರಲಿಲ್ಲ. ಮೊಮ್ಮಗಳ ಮದುವೆಗೆಂದು ತೆಗೆದಿಟ್ಟಿದ್ದರು.

"ನೈಲಾನ್. ಕಲ್ಲಿದ್ದಲು, ನೀರು, ಗಾಳಿ, ಇವುಗಳಿಂದ ಮಾಡುತ್ತಾರಂತೆ," ಎಂದರು. "ಚುಚ್ಚುವುದಿಲ್ಲ. ನೋಡಿ." ಒಂದು ತುದಿಯನ್ನು ತೊಳೆದು ಹಗ್ಗಕ್ಕೆ ಹಾಕಿದರು. ನಾವು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಒಣಗಿತ್ತು.

ನಾನು ಬೇಡವೆಂದೆ. ಅವರು ಕೇಳಲಿಲ್ಲ. ಹೊರಡುವ ದಿನ ಸುರುಳಿ ನನ್ನ ಪೆಟ್ಟಿಗೆಯಲ್ಲಿತ್ತು.

ಮತ್ತೆ ಹಡಗು

ಹಡಗಿನಲ್ಲಿ ಸುರುಳಿ ಬಿಚ್ಚಿ ನೋಡಿದೆ. ಉಡುಗೊರೆ ಚೆನ್ನಾಗಿ ಕಾಣಲೆಂದು ಮಿಸೆಸ್ ಡಕ್ವರ್ತ್ ನಾಲ್ಕೂ ಅಂಚನ್ನು ಮಡಚಿ ಹೊಲಿದಿದ್ದರು. ಇರುವೆಯ ಸಾಲಿನಂಥ ಹೊಲಿಗೆ, ಜೊತೆಗೆ ಒಂದು ಅಂಚಿಗೆ ಜಾಲರಿ. ಹೊಲಿಗೆ ಬಿದ್ದ ಮೇಲೆ ಮಡಿ ಎಲ್ಲಿಯದು?

ಬಿಚ್ಚಲು ಕೂತೆವು. ಸಾಹುಕಾರರು ಕಿವಿ ಕೆರೆಯುವ ತಮ್ಮ ಬೆಳ್ಳಿ ಕಡ್ಡಿಯನ್ನು ಧರ್ಮಕಾರ್ಯಕ್ಕೆಂದು ತೊಳೆದು ಕೊಟ್ಟರು. ಏಡನ್ ಬಂದರೂ ಮುಗಿದಿರಲಿಲ್ಲ.

"ಅಲ್ರೀ ಮಾಸ್ತರ್ರ, ಆ ತಾಯಿ ಕಣ್ಣಿಗೆ ಎಣ್ಣಿ ಬಿಟ್ಕೊಂಡು ಹೊಲದಾಳ. ನಾವು ಕಣ್ಣಿಗೆ ಎಣ್ಣಿ ಬಿಟ್ಕೊಂಡು ಬಿಚ್ಚಾಕತ್ತೀವಿ. ದೇವರು ಯಾರ ಕಡೆ ನೋಡಬೇಕ್ರೀ?"

ನಾನು ಮುಂದಿನ ಹೊಲಿಗೆ ಬಿಚ್ಚಿದೆ. ಜಾಲರಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟೆ.

ರಾಯಚೂರು ಸ್ಟೇಷನ್

ಇಂಗ್ರೇಜರ ಸೀಮೆಯಿಂದ ನಿಜಾಮರ ಸೀಮೆಗೆ ಬಂದವರ ಸಾಮಾನು ಬಿಚ್ಚಿ ಸುಂಕದವರು ನೋಡುತ್ತಿದ್ದ ಕಾಲ ಅದು. ಅಧಿಕಾರಿ ನನ್ನ ಪೆಟ್ಟಿಗೆಯಿಂದ ಸುರುಳಿ ಎಳೆದರು. ಅದು ಮುಗಿಯುತ್ತಲೇ ಇಲ್ಲ.

"ಯೇ ಕ್ಯಾ ಹೈ, ಮಾಸ್ಟರ್ ಸಾಬ್?"

ನಾನು ಬಾಯಿ ತೆರೆಯುವ ಮುಂಚೆ ಸಾಹುಕಾರರು ಹೆಮ್ಮೆಯಿಂದ ಹೇಳಿಬಿಟ್ಟರು: "ವಿಮಾನದಾಗಿಂದ ಜಿಗ್ಯಾಕ ಮಾಡಿದ್ದ್ರೀ ಸಾಹೇಬ್ರ! ಪ್ಯಾರಾಚೂಟ್!"

ನಿಜಾಮರ ಸರಕಾರದ ವಿರುದ್ಧ ಊರೂರಲ್ಲಿ ಜನ ಎದ್ದಿದ್ದ ದಿನಗಳು. ಅಧಿಕಾರಿಯ ಹುಬ್ಬು ಮೇಲೇರಿತು. "ಯಾರು ಜಿಗಿಯವ್ರು?"

"ನಮ್ಮತ್ತಿ," ಎಂದೆ. ಇನ್ನೇನು ಹೇಳಲಿ?

ಎಲ್ಲ ಬಿಡಿಸಿ ಹೇಳಿದ ಮೇಲೆ ಅವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನೋಡಿ, ಬೇಗನೆ ತೆಗೆದು, ಕೊರಳು ಒರೆಸಿಕೊಂಡು, "ಲೇ ಜಾವ್" ಎಂದು ಕೈ ಬೀಸಿದರು. ಯಾಕೆ ಕೊರಳು ಒರೆಸಿಕೊಂಡರು ಎಂದು ನಾನು ಯೋಚಿಸಲಿಲ್ಲ.

ಪಡಸಾಲೆ

ಸಮುದ್ರ ದಾಟಿ ಬಂದವನಿಗೆ ಪ್ರಾಯಶ್ಚಿತ್ತ ಆಗಬೇಕು. ಮಾಡಿಸಬೇಕಾದ ಆಚಾರ್ಯರು ದೇವದುರ್ಗಕ್ಕೆ ಹೋಗಿದ್ದರು. ಅವರು ಬರುವ ತನಕ ನನ್ನ ವಾಸ ಪಡಸಾಲೆಯಲ್ಲಿ. ಅತ್ತೆ ಹೊಸ್ತಿಲೊಳಗೆ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಣಗಿ ಕಡ್ಡಿ ಆಗೀದಿ," ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಬಟ್ಟೆಯ ವಿಚಾರಣೆ.

"ಯಾವ ಗಿಡದ್ದೋ ಶೀನಾ?"

"ಗಿಡದ್ದಲ್ಲ ಅತ್ತಿ."

"ಯಾವ ಪ್ರಾಣೀದು?"

"ಪ್ರಾಣೀದೂ ಅಲ್ಲ."

"ಹಂಗಾದ್ರ ಆಕಾಶದಿಂದ ಬಿತ್ತೇನು?"

"ಬೀಳಬೇಕಾಗಿತ್ತು. ಅಷ್ಟರಾಗ ಯುದ್ಧ ಮುಗೀತು."

ಕಲ್ಲಿದ್ದಲು, ನೀರು, ಗಾಳಿ ಎಂದು ವಿವರಿಸಿದೆ. ಅತ್ತೆ ಕಣ್ಣು ಮುಚ್ಚಿ ವಿಚಾರ ಮಾಡಿದರು. ಯಾವ ಮಠದಲ್ಲೂ ಇಷ್ಟು ಚುರುಕಾಗಿ ತೀರ್ಪು ಬಂದಿರಲಾರದು.

"ಕಲ್ಲಿದ್ದಲಿ ಭೂಮಿತಾಯಿ ಹೊಟ್ಟ್ಯಾಗಿಂದು. ನೀರಂದ್ರ ಗಂಗಿ. ಗಾಳಿ ನಮ್ಮ ಮುಖ್ಯಪ್ರಾಣದೇವರು. ಇದಕ್ಕ ಮೈಲಿಗಿ ಎಲ್ಲಿಂದ ಬರಬೇಕು?"

ನಾನು ಗೆದ್ದೆ. ಮರುದಿನ ಅತ್ತೆ ಪ್ಯಾರಾಚೂಟು ಉಟ್ಟು ಒಲೆ ಹೊತ್ತಿಸಿದರು. ನಾನು ಪಡಸಾಲೆಯಲ್ಲಿ ಮಲಗಿ, ವಿಲಾಯಿತಿಯನ್ನೇ ಗೆದ್ದು ತಂದವನಂತೆ ಮೀಸೆ ತಿರುವಿದೆ.

ಅಡುಗೆ ಮುಗಿಸಿ ಹೊರಬಂದ ಅತ್ತೆಯನ್ನು ನೋಡಿ ಗಾಬರಿಯಾಯಿತು. ಮುಖ ಕೆಂಪು, ಬಟ್ಟೆ ಮೈಗೆ ಅಂಟಿ, ಬೆವರು ತೊಟ್ಟಿಕ್ಕುತ್ತಿತ್ತು. ಆ ಬಟ್ಟೆ ನೀರು ಹೀರುವುದಿಲ್ಲ, ಗಾಳಿ ಬಿಡುವುದಿಲ್ಲ. ವೈಶಾಖದ ರಾಯಚೂರಿನಲ್ಲಿ ಅದನ್ನು ಉಡುವುದೆಂದರೆ ಇಡ್ಲಿಯ ಪಾತ್ರೆಯೊಳಗೆ ಕೂತ ಹಾಗೆ.

"ಹೆಂಗದ ಅತ್ತಿ?"

"ಭಾಳ ಚಲೋ ಅದ. ಚುಚ್ಚೂದಿಲ್ಲ," ಎಂದು ಗೋಡೆಗೆ ಒರಗಿದರು.

ನಾನು ತಂದದ್ದೆಂದು ಉಡುತ್ತಿದ್ದಾರೆ, ಅಷ್ಟೇ. ಧಾಬಳಿಯಾದರೆ ಬೈಯುತ್ತಲಾದರೂ ಉಡುತ್ತಿದ್ದರು, ಇದನ್ನು ಬೈಯುವ ಹಾಗೂ ಇರಲಿಲ್ಲ. ಬೇಡ, ಬಿಚ್ಚು ಎಂದು ಎರಡು ದಿನ ಗೋಗರೆದೆ. ಕೇಳಲಿಲ್ಲ. ಮೂರನೆಯ ದಿನ ಒಳಗಿಂದ "ಹಾ!" ಎಂದು ಕೇಳಿಸಿತು.

ಎದ್ದು ಓಡಿದೆ. ಒಲೆಯಿಂದ ಸಿಡಿದ ಕೆಂಡ ಸೆರಗಿನ ಮೇಲೆ ಬಿದ್ದಿತ್ತು. ಹತ್ತಿಯಾದರೆ ಉರಿಯುತ್ತದೆ, ಉಣ್ಣೆ ಕಮರುತ್ತದೆ. ಇದು ಮೇಣದಂತೆ ಕರಗಿ ಅತ್ತೆಯ ಮುಂಗೈಗೆ ಅಂಟುತ್ತಿತ್ತು. ಅವರು ಕೊಸರುತ್ತಿದ್ದರು, ಅದು ಬಿಡುತ್ತಿರಲಿಲ್ಲ. ಹೊಲಿದ ಅಂಗಿ ತೊಟ್ಟು, ಏಳು ಸಮುದ್ರದ ಮೈಲಿಗೆ ಹೊತ್ತಿದ್ದ ನಾನು ಅಡುಗೆಮನೆಗೆ ನುಗ್ಗಿ, ಮಡಿನೀರಿನ ಕೊಡ ಎತ್ತಿ ಅವರ ಕೈಮೇಲೆ ಸುರಿದೆ. ಇನ್ನೊಂದನ್ನೂ ಸುರಿದೆ. ಒಲೆ ಆರಿತು, ಅನ್ನ ತೇಲಿತು.

ಪುಣ್ಯಕ್ಕೆ ಗಾಯ ರೂಪಾಯಿಯಗಲದ್ದು. ಬೆಣ್ಣೆ ಹಚ್ಚಿದೆ. ಅತ್ತೆ ಸುತ್ತಲೂ ನೋಡಿದರು.

"ಮನಿಯೆಲ್ಲಾ ಮೈಲಿಗಿ ಮಾಡಿದಿ. ಇದ್ದ ನೀರೆಲ್ಲಾ ಚೆಲ್ಲಿದಿ. ಹೋಗು, ಸೇದಿ ತುಂಬು."

"ನಾನು? ಆಚಾರ್ರು ಇನ್ನೂ ಬಂದಿಲ್ಲಲ್ಲ ಅತ್ತಿ."

"ಹಗ್ಗ ಪುಂಡಿನಾರಿಂದು. ನಾರಿಗೆ ಮೈಲಿಗಿ ಹತ್ತೂದಿಲ್ಲ. ತಣ್ಣೀರು ಸುರಕೊಂಡು ಸೇದು. ಆಚಾರ್ರಿಗೆ ನಾ ಹೇಳ್ತೀನಿ."

ಒದ್ದೆ ಪಂಚೆಯಲ್ಲಿ ಸೇದಿದೆ. ಅತ್ತೆ ಟ್ರಂಕಿನಿಂದ ಒಂದು ಹಳೆಯ ಸೀರೆ ತೆಗೆದು, ನಾನು ಸೇದಿದ ನೀರಲ್ಲಿ ತಾವೇ ಒಂದು ಕೈಯಲ್ಲಿ ಜಾಲಿಸಿ, ಕೋಲಿನಿಂದ ಎತ್ತರದ ಗಳಕ್ಕೆ ಹಾಕಿದರು. ನೋಡಿದರೆ ಹತ್ತಿಯ ಸೀರೆ.

"ಅತ್ತಿ, ಇದು ಹತ್ತಿ."

"ಹೌದು. ಹೊಳಿ ದಂಡಿ ಊರು ಗೂಗಲ್ಲಿನಾಗ ಇದ್ದಾಗ ಹತ್ತೀನೇ ಉಡ್ತಿದ್ದೆ. ಕೃಷ್ಣ್ಯಾಗ ಮುಳುಗಿ, ಅಲ್ಲೇ ಬಂಡಿಗಲ್ಲ ಮ್ಯಾಲೆ ಒಣಹಾಕಿ, ಉಟ್ಕೊಂಡು ಬರ್ತಿದ್ದೆ. ಹೂವಿನ ಹಂಗ ಇರ್ತಿತ್ತು. ಇಲ್ಲಿ ಬಾವಿ ಪಾತಾಳಕ್ಕ ಇಳದದ. ಅಡಗಿಗೆ ಸೇದೂದರಾಗ ರಟ್ಟಿ ಬೀಳ್ತಾವ, ಬಟ್ಟಿಗೆ ಎಲ್ಲಿಂದ ತರ್ಲಿ? ಅದಕ್ಕ ಧಾಬಳಿ ಹಿಡದೆ. ಅದು ನೀರು ಕೇಳೂದಿಲ್ಲ."

"ನಾ ಕೇಳಿದಾಗ ಇದನ್ನ ಹೇಳಬಾರದೇನು?"

"ಯಾವ ಬಟ್ಟಿ ತರ್ಲಿ ಅಂತ ಕೇಳಿದಿ. ಅದನ್ನ ಹೇಳಿದೆ."

ನಾನು ಬಾವಿಯ ಕಟ್ಟೆಯ ಮೇಲೆ ಕೂತೆ. ನಗಬೇಕೆನಿಸಿತು, ಅಳುವೂ ಬಂತು.

ಅಂದಿನಿಂದ ಬೆಳಗಿನ ನೀರು ನನ್ನದು. ಆಚಾರ್ಯರು ಬಂದರು, ಪಂಚಗವ್ಯ ಕುಡಿಸಿದರು, ಈ ನಡುವೆ ಯಾರು ಸೇದಿದರೆಂದು ಕೇಳಿದರು. ಅತ್ತೆ ಅವರಿಗೆ ಇನ್ನೊಂದು ಹೋಳಿಗೆ ಬಡಿಸಿದರು. ಅವರು ಮತ್ತೆ ಕೇಳಲಿಲ್ಲ. ಮುಂಗಾರು ಶುರುವಾಗುವಷ್ಟರಲ್ಲಿ ಅತ್ತೆಯ ಕೊರಳು ಬೇರೆ ಯಾರದೋ ಕೊರಳಿನಂತೆ ನುಣ್ಣಗಾಗಿತ್ತು.

ಒಂದು ದಿನ ಸಾಹುಕಾರರು ಮಾನ್ವಿಯಿಂದ ಬಂದವರು ಸೀದಾ ಹಿತ್ತಲಿಗೇ ಬಂದರು. ಗಳದ ಮೇಲಿನ ಸೀರೆಯನ್ನು ದೂರದಿಂದಲೇ ಗುರುತು ಹಿಡಿದು, "ಹತ್ತಿ!" ಎಂದು ಮುಖ ಅರಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಕಚ್ಚೆ ಬಿಗಿದು, ಹಗ್ಗ ಹಿಡಿದು, ಏದುಸಿರು ಬಿಡುತ್ತಿದ್ದೆ.

"ಏನ್ರೀ ಮಾಸ್ತರ್ರ, ವಿಲಾಯ್ತಿಗೆ ಹೋಗಿ ಏನು ಕಲತ್ರಿ?"

"ನೀರು ಸೇದೂದು ಕಲತೀನ್ರೀ."

"ಸುಳ್ಳ್ರೀ," ಎಂದರು ಅಡುಗೆಮನೆಯೊಳಗಿಂದ ಅತ್ತೆ, ನಗುತ್ತ. "ಇನ್ನೂ ಅರ್ಧಾ ಚೆಲ್ಲತಾನ."